ಶ್ರವಣದೋಷವಿರುವ ಮಗುವಿನ ಮನೆಗೆ ಜತೆಯಾಗುವುದು: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೆಂದು ಗೊತ್ತಾದ ಮನೆಗೆ ಎಲ್ಲಕ್ಕಿಂತ ಮೊದಲು ಬಂದು ತಲುಪುವುದು ಸಲಹೆ. ಊರಿನಿಂದ ಫೋನ್ ಮಾಡುವ ದೊಡ್ಡಮ್ಮ, ಚಾಳಿನ ಪಕ್ಕದ ಖೋಲಿಯವರು, ಹೋಟೆಲಿನ ಗಲ್ಲಾದಲ್ಲಿ ಕುಳಿತ ಧಣಿಗಳು, ಹೀಗೆ ಪ್ರತಿಯೊಬ್ಬರಿಗೂ ಒಬ್ಬ ವೈದ್ಯರು, ಒಂದು ಹರಕೆ, ಒಂದು ಎಣ್ಣೆ ಗೊತ್ತಿರುತ್ತದೆ. ಆದರೆ ಆ ಮನೆಯಲ್ಲಿ ನಿಜಕ್ಕೂ ಸಾಲದೆ ಬರುವುದು ಹೊತ್ತು. ಡೊಂಬಿವಲಿಯಿಂದ ಬಾಂದ್ರಾಕ್ಕೆ ಮಗುವನ್ನು ಎತ್ತಿಕೊಂಡು ಹೋಗಿ ಬರಲು ಒಂದು ಇಡೀ ದಿನ ಬೇಕು. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದರ ಶಾಲೆಯ ಡಬ್ಬಿಯೂ ಅದೇ ದಿನ ಆಗಬೇಕು. ಇದರ ನಡುವೆ ಮಗುವಿನ ಎದುರು ಕುಳಿತು ಮಾತನಾಡುವ ಹೊತ್ತೂ ಸಿಗಬೇಕು.

ಆದ್ದರಿಂದ ಈ ಮಾರ್ಗದರ್ಶಿಯನ್ನು ತಂದೆತಾಯಿಗಿಂತ ಹೆಚ್ಚಾಗಿ ಅವರ ಸುತ್ತಲಿನವರಿಗಾಗಿ, ಅಂದರೆ ಅಜ್ಜ ಅಜ್ಜಿ, ಅತ್ತೆ ಮಾವ, ನೆರೆಹೊರೆಯವರು ಮತ್ತು ಸಂಘಸಂಸ್ಥೆಗಳ ಕಾರ್ಯಕರ್ತರಿಗಾಗಿ ಬರೆದಿದೆ. ಇಲ್ಲಿ ಹೇಳಿರುವ ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೊರಗಿನವರು ಹೊರಬಹುದಾದ ಒಂದು ಪಾಲಿದೆ.

ಮೊದಲ ಹೆಜ್ಜೆ: ಸಂಶಯ ಬಂದ ದಿನವೇ ಪರೀಕ್ಷೆಗೆ ಹೊರಡಿಸುವುದು

ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಗಣನೀಯ ಶ್ರವಣದೋಷವಿರುತ್ತದೆ. ತಜ್ಞರು ಎಲ್ಲೆಡೆ ಒಪ್ಪಿಕೊಂಡಿರುವ ಕ್ರಮವೆಂದರೆ, ಮಗುವಿಗೆ ಒಂದು ತಿಂಗಳು ತುಂಬುವುದರೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿಖರ ನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ. ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶುಗಳ ಕಿವಿಯ ತಪಾಸಣೆ ನಡೆಯುವುದಿಲ್ಲವಾದ್ದರಿಂದ, ನಮ್ಮಲ್ಲಿ ಬಹಳಷ್ಟು ಮಕ್ಕಳ ದೋಷ ಗೊತ್ತಾಗುವುದು ಮಾತು ಬರಬೇಕಾದ ವಯಸ್ಸು ದಾಟಿದ ಮೇಲೆ. ಆಗಲೂ "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟದ್ದು" ಎಂಬ ಸಮಾಧಾನದಲ್ಲಿ ಇನ್ನೊಂದು ವರ್ಷ ಕಳೆದುಹೋಗುತ್ತದೆ. ಹಿತೈಷಿಗಳು ಮಾಡಬಹುದಾದ ಮೊದಲ ಉಪಕಾರವೆಂದರೆ ಈ ಮಾತನ್ನು ಆಡದಿರುವುದು.

ಮಗುವಿನ ಹಿಂದೆ ನಿಂತು ತಟ್ಟೆ ಬಡಿದು ನೋಡುವ ಮನೆಪರೀಕ್ಷೆಯನ್ನು ನಂಬಬಾರದು. ಬಡಿತದ ಕಂಪನ ನೆಲದ ಮೂಲಕ ತಾಗುತ್ತದೆ, ಕೈಯ ನೆರಳು ಕಣ್ಣಿಗೆ ಬೀಳುತ್ತದೆ, ಮಗು ತಿರುಗಿಬಿಡುತ್ತದೆ. ಕೆಲವು ಮಕ್ಕಳಿಗೆ ಬಾಗಿಲು ಬಡಿದ ದಪ್ಪ (ಕೆಳಶ್ರುತಿಯ) ಸದ್ದು ಕೇಳಿಸಿದರೂ ಸಕಾರ ಶಕಾರಗಳ ಸಣ್ಣ (ಮೇಲುಶ್ರುತಿಯ) ಸದ್ದು ಕೇಳಿಸುವುದಿಲ್ಲ. ಪೂರ್ತಿ ಕಿವುಡಿರುವ ಎಳೆಯ ಮಗುವೂ ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆ ಕೂಗುತ್ತದೆ, ಗುನುಗುತ್ತದೆ. ಆ ಸದ್ದು ಕ್ರಮೇಣ ಬೆಳೆಯುವ ಬದಲು ಕುಗ್ಗುತ್ತ ಹೋಗುವುದನ್ನು ಗಮನಿಸಬೇಕು. ಆರು ತಿಂಗಳಾದರೂ ಸದ್ದಿನತ್ತ ತಿರುಗದ, ವರ್ಷ ಕಳೆದರೂ ಒಂದೂ ಪದವಾಡದ, ಎರಡು ವರ್ಷಕ್ಕೆ ಎರಡು ಪದ ಕೂಡಿಸದ ಮಗುವಿಗೆ ಪರೀಕ್ಷೆ ಆಗಲೇಬೇಕು. ಅವಧಿಗೆ ಮುನ್ನ ಹುಟ್ಟಿದ, ತೀವ್ರ ಕಾಮಾಲೆಯಾದ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ ಅಥವಾ ಮೆದುಳುಪೊರೆಯ ಉರಿಯೂತದಿಂದ ಚೇತರಿಸಿಕೊಂಡ ಮಗುವಿನ ವಿಷಯದಲ್ಲಿ ಲಕ್ಷಣಗಳಿಗಾಗಿ ಕಾಯುವುದೂ ಬೇಡ.

ಮುಂಬಯಿಯಲ್ಲಿ ಇರುವವರಿಗೆ ಈ ವಿಷಯದಲ್ಲಿ ಒಂದು ದೊಡ್ಡ ಅನುಕೂಲವಿದೆ. ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ 1983ರಿಂದ ಇಲ್ಲಿಯೇ, ಬಾಂದ್ರಾ ರಿಕ್ಲಮೇಶನ್‌ನಲ್ಲಿದೆ. ಮಹಾನಗರಪಾಲಿಕೆಯ ನಾಯರ್, ಕೆಇಎಂ ಮತ್ತು ಸಾಯನ್ ಆಸ್ಪತ್ರೆಗಳ ಕಿವಿ ಮೂಗು ಗಂಟಲು ವಿಭಾಗಗಳಿಗೂ ಹೋಗಬಹುದು. ಎಳೆಯ ಮಕ್ಕಳಿಗೆ ಮುಖ್ಯವಾಗಿ ಎರಡು ಪರೀಕ್ಷೆಗಳಿವೆ: ಒಳಗಿವಿಯ ಕೋಶಗಳ ಪ್ರತಿಧ್ವನಿಯನ್ನು ಅಳೆಯುವ ಒಎಇ, ಮತ್ತು ಸದ್ದಿಗೆ ಶ್ರವಣನರ ಹಾಗೂ ಮಿದುಳಕಾಂಡ ಹೇಗೆ ಪ್ರತಿಕ್ರಿಯಿಸುತ್ತವೆಂಬುದನ್ನು ತೋರಿಸುವ ಬೇರಾ. ನರದ ಮಟ್ಟದಲ್ಲಿ ತೊಂದರೆಯಿರುವ ಕೆಲವು ಮಕ್ಕಳು ಒಎಇಯಲ್ಲಿ ಸರಾಗವಾಗಿ ತೇರ್ಗಡೆಯಾಗುವುದರಿಂದ, ಸಂಶಯ ಉಳಿದಿದ್ದರೆ ಬೇರಾ ಮಾಡಿಸದೆ ಸುಮ್ಮನಾಗಬಾರದು.

ಬೇರಾ ಪರೀಕ್ಷೆಗೆ ಮಗು ನಿದ್ರಿಸುತ್ತಿರಬೇಕು. ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯುದ್ದಕ್ಕೂ ಎಚ್ಚರವಾಗಿಟ್ಟುಕೊಂಡು, ಪರೀಕ್ಷೆಯ ಹೊತ್ತಿಗೆ ಹಾಲು ಕುಡಿಸಿ ಮಲಗಿಸಬೇಕಾಗುತ್ತದೆ. ಸೆಂಟ್ರಲ್ ಲೈನಿನಲ್ಲಿ ಬಂದು ದಾದರಿನಲ್ಲಿ ಗಾಡಿ ಬದಲಿಸುವ ತಾಯಿಯೊಬ್ಬಳಿಗೇ ಇದು ಅಸಾಧ್ಯ. ಜತೆಗೆ ಒಬ್ಬರು ಹೋಗಿ, ಅವರು ಸಾಲಿನಲ್ಲಿ ನಿಂತರೆ, ಕೇಸ್ ಪೇಪರ್ ಮಾಡಿಸಿದರೆ, ಮಗುವನ್ನು ದಾರಿಯಲ್ಲಿ ಆಡಿಸಿದರೆ ಅದು ಹಣಕ್ಕಿಂತ ದೊಡ್ಡ ನೆರವು. ಅಂದಿನಿಂದಲೇ ಒಂದು ಫೈಲು ಮಾಡಿ, ಪ್ರತಿಯೊಂದು ವರದಿಯನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ಅದರ ಫೋಟೋವನ್ನು ಇಬ್ಬರ ಫೋನಿನಲ್ಲಿ ಇಟ್ಟಿರಬೇಕು.

ವರದಿ ಕೈಗೆ ಬಂದ ಮೇಲಿನ ಮೊದಲ ದಿನಗಳು

ಕೇಳಿಸದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕೇಳಿಸುವ ತಂದೆತಾಯಿಗಳಿಗೆ. ಅವರಿಗೆ ಈ ಲೋಕದ ಪರಿಚಯವೇ ಇರುವುದಿಲ್ಲ. ಆಘಾತ, ಅಳು, ವರದಿಯನ್ನೇ ನಂಬದಿರುವುದು, ಇನ್ನೊಬ್ಬ ವೈದ್ಯರಲ್ಲಿಗೆ ಓಡುವುದು, ಇವೆಲ್ಲ ಸಹಜ. ಎರಡನೆಯ ಅಭಿಪ್ರಾಯ ಪಡೆಯುವುದು ತಪ್ಪಲ್ಲ, ಐದನೆಯದರ ಹೊತ್ತಿಗೆ ಆರು ತಿಂಗಳು ಹೋಗಿರುತ್ತದೆ.

ಈ ದಿನಗಳಲ್ಲಿ ಕುಟುಂಬವನ್ನು ಕಾಯಬೇಕಾದದ್ದು ಆರೋಪಗಳಿಂದ. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಬಸಿರಿನಲ್ಲಿ ಗಾಡಿಯಲ್ಲಿ ಓಡಾಡಿದಳು, ನಾಗನ ಕಾರ್ಯ ಬಿಟ್ಟುಬಿಟ್ಟರು ಎಂಬ ಮಾತುಗಳೆಲ್ಲ ತಿರುಗಿ ತಿರುಗಿ ತಾಯಿಯ ಮೇಲೆಯೇ ಬಂದು ಬೀಳುತ್ತವೆ. ಹುಟ್ಟಿನಿಂದ ಬರುವ ಶ್ರವಣದೋಷದಲ್ಲಿ ದೊಡ್ಡ ಪಾಲು ಆನುವಂಶಿಕ. ಅದರಲ್ಲಿಯೂ ಹೆಚ್ಚಿನ ಸಂದರ್ಭಗಳಲ್ಲಿ ತಂದೆ ತಾಯಿ ಇಬ್ಬರೂ ತಮಗರಿವಿಲ್ಲದೆಯೇ ಒಂದೊಂದು ಜೀನನ್ನು ಹೊತ್ತಿರುತ್ತಾರೆ. ಉಳಿದವುಗಳಿಗೆ ಗರ್ಭದಲ್ಲಿ ತಗಲುವ ರುಬೆಲ್ಲಾ ಅಥವಾ ಸೈಟೋಮೆಗಲೋ ವೈರಸ್ ಸೋಂಕು, ಅವಧಿಪೂರ್ವ ಜನನ, ತೀವ್ರ ಕಾಮಾಲೆ, ಜೀವ ಉಳಿಸಲು ಕೊಟ್ಟ ಕೆಲವು ಪ್ರತಿಜೀವಕಗಳು ಕಾರಣವಾಗಿರಬಹುದು. ನಮ್ಮಲ್ಲಿ ಸೋದರಸಂಬಂಧದ ಮದುವೆಗಳು ಇನ್ನೂ ನಡೆಯುವುದರಿಂದ ಆನುವಂಶಿಕ ಕಾರಣದ ಸಾಧ್ಯತೆ ಹೆಚ್ಚುವುದು ನಿಜ, ಆದರೆ ಅದನ್ನು ಎತ್ತಬೇಕಾದ ಜಾಗ ಮುಂದಿನ ಮಗುವಿನ ಯೋಚನೆಯಿರುವಾಗ ಮಾಡಿಸುವ ಜೆನೆಟಿಕ್ ಸಮಾಲೋಚನೆ. ಮದುವೆ ಮಾಡಿಸಿದ ಹಿರಿಯರೇ ಹಬ್ಬದ ಮನೆಯಲ್ಲಿ ಅದನ್ನು ಚರ್ಚಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಹಾಗಾದರೆ ಏನು ಹೇಳಬೇಕು? "ಮುಂದಿನ ಅಪಾಯಿಂಟ್‌ಮೆಂಟ್ ಯಾವಾಗ, ಅಂದು ನಾನು ಬರಲೇ?" ಎಂದು ಕೇಳಿದರೆ ಸಾಕು.

ವರದಿಯನ್ನು ಓದಲು ಕಲಿಯುವುದು

ಮನೆಯಲ್ಲಿ ಒಬ್ಬರಾದರೂ ಆಡಿಯೋಗ್ರಾಮ್, ಅಂದರೆ ಶ್ರವಣಪರೀಕ್ಷೆಯ ನಕ್ಷೆ, ಓದಲು ಕಲಿತಿರಬೇಕು. ಅದರಲ್ಲಿ ಎಡದಿಂದ ಬಲಕ್ಕೆ ಹೋದಂತೆ ಸದ್ದಿನ ಶ್ರುತಿ ದಪ್ಪದಿಂದ ಸಣ್ಣಕ್ಕೆ ಏರುತ್ತದೆ, ಮೇಲಿನಿಂದ ಕೆಳಕ್ಕೆ ಇಳಿದಂತೆ ಸದ್ದಿನ ಜೋರು ಹೆಚ್ಚುತ್ತದೆ. ಕೆಂಪು ಸೊನ್ನೆ ಬಲಗಿವಿಯ ಗುರುತು, ನೀಲಿ ಗುಣಿಸು ಚಿಹ್ನೆ ಎಡಗಿವಿಯದು. ಗುರುತುಗಳು ಎಷ್ಟು ಕೆಳಗಿವೆಯೋ ದೋಷ ಅಷ್ಟು ಹೆಚ್ಚು. ಸಾಧಾರಣ ಮಾತುಕತೆ ಸುಮಾರು 60 ಡೆಸಿಬೆಲ್ ಆಸುಪಾಸಿನಲ್ಲಿ ನಡೆಯುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಮಗುವಿಗೆ ಏನು ದಕ್ಕುತ್ತಿದೆ, ಏನು ಜಾರುತ್ತಿದೆ ಎಂಬ ಅಂದಾಜು ಸಿಗುತ್ತದೆ. ದೋಷ ಹೊರಗಿವಿ ಅಥವಾ ನಡುಗಿವಿಯದೋ, ಒಳಗಿವಿ ಅಥವಾ ನರದ್ದೋ ಎಂದು ಆಡಿಯಾಲಜಿಸ್ಟರನ್ನು (ಶ್ರವಣತಜ್ಞರನ್ನು) ನೇರವಾಗಿ ಕೇಳಬೇಕು. ನಡುಗಿವಿಯಲ್ಲಿ ನೀರು ತುಂಬಿ ಬರುವ ದೋಷ ಚಿಕಿತ್ಸೆಯಿಂದ ಹೋಗಬಹುದು, ಒಳಗಿವಿಯ ದೋಷ ಸಾಮಾನ್ಯವಾಗಿ ಮಾತ್ರೆಗೂ ಎಣ್ಣೆಗೂ ಹೋಗುವುದಿಲ್ಲ. ಕಿವಿಗೆ ಎಣ್ಣೆ ಬಿಡುವುದನ್ನಂತೂ ನಿಲ್ಲಿಸಲೇಬೇಕು.

ಹಿಯರಿಂಗ್ ಏಡ್ ಮತ್ತು ಮುಂಬಯಿಯ ಮಳೆಗಾಲ

ಶ್ರವಣಸಾಧನವನ್ನು ಕೆಲವು ವಾರಗಳ ಶಿಶುವಿಗೂ ಹಾಕಬಹುದು. ಹಾಕಿದ ಮೇಲೆ ಮಗು ಎಚ್ಚರವಿರುವಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು. ದಿನಕ್ಕೆ ಎರಡು ಗಂಟೆ ಥೆರಪಿಯ (ಕೇಳುವ, ಮಾತನಾಡುವ ತರಬೇತಿಯ) ಹೊತ್ತಿಗೆ ಮಾತ್ರ ಹಾಕಿದರೆ ಮಿದುಳಿಗೆ ಸದ್ದಿನ ಅಭ್ಯಾಸವೇ ಆಗುವುದಿಲ್ಲ. ಸಾಧನ ಪೆಟ್ಟಿಗೆಯಲ್ಲಿ ಉಳಿಯುವುದಕ್ಕೆ ನಾನು ಕಂಡಂತೆ ಮುಖ್ಯ ಕಾರಣ ನಾಚಿಕೆ. ಮದುವೆಗೆ, ಪೂಜೆಗೆ, ಊರಿನವರು ಬಂದಾಗ ಅದನ್ನು ತೆಗೆದಿಡುತ್ತಾರೆ. ಕನ್ನಡಕದ ಬಗ್ಗೆ ಯಾರೂ ಕೇಳುವುದಿಲ್ಲ, ಇದರ ಬಗ್ಗೆಯೂ ಕೇಳದಿರುವುದನ್ನು ನೆಂಟರು ಕಲಿತರೆ ಮಗುವಿಗೆ ಮಾತು ಕೇಳುವ ಅದೆಷ್ಟೋ ಗಂಟೆಗಳು ಉಳಿಯುತ್ತವೆ.

ಪ್ರತಿದಿನ ಬೆಳಿಗ್ಗೆ ಮಾಡಬೇಕಾದ ಕೆಲಸವನ್ನು ಅಜ್ಜಿಯೂ, ಅಕ್ಕನೂ, ಪಕ್ಕದ ಮನೆಯ ಕಾಲೇಜು ಹುಡುಗಿಯೂ ಕಲಿಯಬಹುದು. ಮೊದಲು ಬ್ಯಾಟರಿ ಟೆಸ್ಟರಿನಿಂದ ಬ್ಯಾಟರಿಯನ್ನು, ಸ್ಟೆಥೋಸ್ಕೋಪಿನಂತಿರುವ ಕೇಳುನಳಿಕೆಯಿಂದ ಸಾಧನದ ಸದ್ದನ್ನು ಪರೀಕ್ಷಿಸಬೇಕು. ಕಿವಿಯ ಅಳತೆಗೆ ಮಾಡಿಸಿದ ಅಚ್ಚಾದ ಇಯರ್ ಮೋಲ್ಡಿನ ತೂತಿನಲ್ಲಿ ಗುಗ್ಗೆ ಕಟ್ಟಿದೆಯೇ, ಟ್ಯೂಬಿನಲ್ಲಿ ನೀರಹನಿ ನಿಂತಿದೆಯೇ ಎಂದು ನೋಡಬೇಕು. ಅನಂತರ ಸಾಧನ ಹಾಕಿ, ಬಾಯಿ ಕಾಣದಂತೆ ಪಕ್ಕದಲ್ಲಿ ಕುಳಿತು, ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ, ಕ್ರಮ ಬದಲಿಸುತ್ತ ಹೇಳಬೇಕು. ಈ ಆರೂ ಸೇರಿ ಮಾತಿನ ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗಿನ ವ್ಯಾಪ್ತಿಯನ್ನು ಆವರಿಸುತ್ತವೆ. ನಿನ್ನೆಯವರೆಗೆ ಶ್ ಕೇಳಿದ ಮಗು ಇಂದು ಕೇಳದಿದ್ದರೆ ಸಾಧನ ಕೆಟ್ಟಿರಬಹುದು, ಇಲ್ಲವೇ ಕಿವಿಯಲ್ಲಿ ಸೋಂಕಿರಬಹುದು.

ಸಾಧನ ಕುಂಯ್ ಎಂದು ಸಿಳ್ಳೆ ಹಾಕುತ್ತಿದ್ದರೆ ಬಹುತೇಕ ಸಲ ಮೋಲ್ಡ್ ಸಡಿಲವಾಗಿದೆಯೆಂದೇ ಅರ್ಥ. ಎಳೆಯ ಮಗುವಿನ ಕಿವಿ ಬೇಗ ಬೆಳೆಯುವುದರಿಂದ ಮೊದಲ ವರ್ಷದಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕಾಗುತ್ತದೆ. ಸಿಳ್ಳೆಯ ಕಿರಿಕಿರಿಗೆ ವಾಲ್ಯೂಮ್ ಇಳಿಸಿಬಿಡುವುದು ಪರಿಹಾರವಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಗರದಲ್ಲಿ ಗೋಡೆಯೂ ಬೆವರುತ್ತದೆ. ತೇವ ಶ್ರವಣಸಾಧನದ ದೊಡ್ಡ ಶತ್ರು. ರಾತ್ರಿ ಬ್ಯಾಟರಿ ತೆಗೆದು, ಅದರ ಬಾಗಿಲನ್ನು ತೆರೆದೇ ಇಟ್ಟು, ಸಾಧನವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು. ಹರಳುಗಳ ಬಣ್ಣ ಬದಲಾದಾಗ ಅವನ್ನು ಬಿಸಿಮಾಡಿ ಒಣಗಿಸಬೇಕು ಅಥವಾ ಬದಲಿಸಬೇಕು. ಟ್ಯೂಬಿನ ನೀರನ್ನು ಚಿಕ್ಕ ರಬ್ಬರ್ ಬ್ಲೋಯರಿನಿಂದ ಊದಿ ತೆಗೆಯಬೇಕು, ಬಾಯಿಂದ ಊದಬಾರದು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಸಾಧನ ಕಳಚಿ ಬೀಳದಂತೆ ದಾರ ಕಟ್ಟಿ ಅಂಗಿಯ ಕಾಲರಿಗೆ ಕ್ಲಿಪ್ ಹಾಕುವುದು ಜಾಣತನ. ಸತುವಿನ ಬ್ಯಾಟರಿಯ ಮೇಲಿನ ಸ್ಟಿಕರ್ ಕಿತ್ತ ಬಳಿಕ ಗಾಳಿ ಒಳಸೇರಲು ಕೆಲವು ನಿಮಿಷ ಬಿಟ್ಟು ಹಾಕಿದರೆ ಅದು ಚೆನ್ನಾಗಿ ನಡೆಯುತ್ತದೆ. ಬ್ಯಾಟರಿಯ ಬಾಗಿಲಿಗೆ ಮಕ್ಕಳ ಲಾಕ್ ಇರಲೇಬೇಕು. ಬಟನ್ ಬ್ಯಾಟರಿ ನುಂಗಿದ ಸಂಶಯ ಬಂದರೆ ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಾಕ್ಲಿಯರ್ ಇಂಪ್ಲಾಂಟ್ ಬೇಕೇ ಎಂಬ ಪ್ರಶ್ನೆ

ಎರಡೂ ಕಿವಿಗಳಲ್ಲಿ ತೀವ್ರ ದೋಷವಿದ್ದು, ಒಳ್ಳೆಯ ಸಾಧನ ಹಾಕಿ ಕೆಲವು ತಿಂಗಳು ಪ್ರಯತ್ನಿಸಿದರೂ ಮಾತಿನ ಸದ್ದು ದಕ್ಕದ ಮಗುವಿಗೆ ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ, ಶ್ರವಣನರಕ್ಕೆ ನೇರವಾಗಿ ಸಂಕೇತ ಕಳಿಸುವ ಸಾಧನ, ಸೂಚಿಸುತ್ತಾರೆ. ಸಿಟಿ ಮತ್ತು ಎಂಆರ್‌ಐ ಸ್ಕ್ಯಾನಿನಲ್ಲಿ ಒಳಗಿವಿಯ ರಚನೆ ಮತ್ತು ಶ್ರವಣನರ ಇದೆಯೆಂದು ಖಚಿತವಾಗಬೇಕು. ನ್ಯೂಮೋಕಾಕಲ್ ಲಸಿಕೆ ಮೊದಲೇ ಆಗಿರಬೇಕು, ಏಕೆಂದರೆ ಇಂಪ್ಲಾಂಟ್ ಇರುವ ಮಕ್ಕಳಲ್ಲಿ ಮೆದುಳುಪೊರೆಯ ಉರಿಯೂತದ ಅಪಾಯ ತುಸು ಹೆಚ್ಚು. ಆ ಉರಿಯೂತದಿಂದಲೇ ಕಿವಿ ಹೋದ ಮಗುವಿನ ವಿಷಯದಲ್ಲಿ ಒಳಗಿವಿಯೊಳಗೆ ಎಲುಬು ಬೆಳೆದು ದಾರಿ ಮುಚ್ಚಿಕೊಳ್ಳುವ ಸಂಭವವಿರುವುದರಿಂದ ತಡಮಾಡುವಂತಿಲ್ಲ.

ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರ ಸರಕಾರದ ಅಡಿಪ್ ಯೋಜನೆಯಡಿ ಅರ್ಹ ಕುಟುಂಬಗಳ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತದೆ. ಇದರ ನೋಡಲ್ (ಉಸ್ತುವಾರಿ) ಸಂಸ್ಥೆ ಬಾಂದ್ರಾದ ಅದೇ ಅಲಿ ಯಾವರ್ ಜಂಗ್ ಸಂಸ್ಥೆ. ಹುಟ್ಟಿನಿಂದ ಕೇಳದ ಮಕ್ಕಳಿಗೆ ಐದು ವರ್ಷದ ವಯೋಮಿತಿಯಿರುವುದರಿಂದ "ದೊಡ್ಡವನಾಗಲಿ, ನೋಡೋಣ" ಎನ್ನುವ ಮನೆಯವರಿಗೆ ಈ ಗಡಿಯನ್ನು ನೆನಪಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ ಹುಟ್ಟುಕಿವುಡು ಸೇರಿದೆ. ಅಂಗನವಾಡಿಗೆ ಬರುವ ಅದರ ತಂಡದ ಮೂಲಕವೂ ದಾರಿ ತೆರೆಯಬಹುದು.

ಶಸ್ತ್ರಚಿಕಿತ್ಸೆಗೆ ಹಣ ಕೂಡಿಸುವುದರಲ್ಲಿ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ಮರೆಯುವುದು ಅನಂತರದ ಖರ್ಚನ್ನು. ಆಪರೇಶನ್ ಆಗಿ ಕೆಲವು ವಾರಗಳ ಮೇಲೆ ಹೊರಗಿನ ಪ್ರೊಸೆಸರನ್ನು ಚಾಲೂ ಮಾಡುತ್ತಾರೆ, ಆಮೇಲೆ ಮತ್ತೆ ಮತ್ತೆ ಮ್ಯಾಪಿಂಗ್ (ಮಗುವಿಗೆ ತಕ್ಕಂತೆ ಪ್ರೊಸೆಸರಿನ ಹೊಂದಾಣಿಕೆ) ಮಾಡಿಸಬೇಕು, ವರ್ಷಗಟ್ಟಲೆ ಥೆರಪಿ ನಡೆಯಬೇಕು, ಕೇಬಲ್ಲು ಕಾಯಿಲ್ಲು ಹಾಳಾಗುತ್ತಿರುತ್ತವೆ, ಕೆಲವು ವರ್ಷಗಳಿಗೆ ಪ್ರೊಸೆಸರನ್ನೇ ಬದಲಿಸಬೇಕಾಗಬಹುದು. ದಾನಿಗಳು ಕೊಡುವ ಮೊತ್ತದಲ್ಲಿ ಒಂದು ಪಾಲನ್ನು ಇದಕ್ಕಾಗಿ ಮಗುವಿನ ಹೆಸರಿನಲ್ಲಿ ಠೇವಣಿಯಿಡುವುದು ವೇದಿಕೆಯ ಮೇಲೆ ಒಂದು ದೊಡ್ಡ ಚೆಕ್ ಕೊಡುವುದಕ್ಕಿಂತ ಉಪಯುಕ್ತವೆಂದು ನನಗನಿಸುತ್ತದೆ.

ಯಾವ ಭಾಷೆಯಲ್ಲಿ ಮಾತನಾಡಿಸಬೇಕು?

ಮುಂಬಯಿಯ ನಮ್ಮ ಕುಟುಂಬಗಳಿಗೆ ಎದುರಾಗುವ ಅತ್ಯಂತ ಕಠಿಣ ಪ್ರಶ್ನೆ ಇದು. ಮನೆಯಲ್ಲಿ ತುಳು ಅಥವಾ ಕನ್ನಡ, ಬಾಗಿಲಾಚೆ ಮರಾಠಿ, ಬಾಜಾರಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಥೆರಪಿ ನಡೆಯುವುದು ಹೆಚ್ಚಾಗಿ ಹಿಂದಿ ಅಥವಾ ಮರಾಠಿಯಲ್ಲಿ. "ಮಗುವಿಗೆ ಮೊದಲೇ ಕೇಳಿಸುವುದಿಲ್ಲ, ಒಂದೇ ಭಾಷೆ ಸಾಕು, ನಿಮ್ಮ ಭಾಷೆ ಬಿಟ್ಟುಬಿಡಿ" ಎಂಬ ಮಾತನ್ನು ತಾಯಂದಿರು ಆಗಾಗ ಕೇಳಬೇಕಾಗುತ್ತದೆ. ಆಗ, ಹರಕುಮುರುಕು ಹಿಂದಿಯಲ್ಲಿ ತಡವರಿಸುತ್ತ ಮಗುವಿನೊಂದಿಗೆ ದಿನಕ್ಕೆ ನಾಲ್ಕು ವಾಕ್ಯ ಆಡುವ ಮನೆಗಳು ಹುಟ್ಟಿಕೊಳ್ಳುತ್ತವೆ. ಅಜ್ಜಿಯ ಬಾಯಿ ಕಟ್ಟಿಹೋಗುತ್ತದೆ, ಊರಿನ ಫೋನಿನಿಂದ ಮಗು ದೂರವಾಗುತ್ತದೆ.

ಮಗುವಿಗೆ ಬೇಕಾದದ್ದು ಸಮೃದ್ಧವಾದ, ತಪ್ಪಿಲ್ಲದ, ದಿನವಿಡೀ ಹರಿಯುವ ಮಾತು. ಅದನ್ನು ತಂದೆತಾಯಿ ಕೊಡಬಲ್ಲದ್ದು ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾತ್ರ. ಸಾಧನದ ಮೂಲಕ ಚೆನ್ನಾಗಿ ಕೇಳುವ ಮಕ್ಕಳು ಎರಡು ಭಾಷೆಗಳನ್ನು ಕಲಿಯಬಲ್ಲರೆಂದು ಸಂಶೋಧನೆಗಳು ತೋರಿಸಿವೆ, ಮತ್ತು ಮೊದಲ ಭಾಷೆ ಗಟ್ಟಿಯಾದರೆ ಅದು ಎರಡನೆಯದಕ್ಕೆ ಆಧಾರವಾಗುತ್ತದೆ. ಆದ್ದರಿಂದ ನನ್ನ ನಿಲುವು ಸ್ಪಷ್ಟ: ಮನೆಮಾತು ತುಳುವಾದರೆ ತುಳು, ಕನ್ನಡವಾದರೆ ಕನ್ನಡ, ಕೊಂಕಣಿಯಾದರೆ ಕೊಂಕಣಿ. ಥೆರಪಿಸ್ಟರಿಗೆ ಇದನ್ನು ಮೊದಲ ದಿನವೇ ತಿಳಿಸಿ, ಅವರು ಈ ವಾರ ಕಲಿಸುತ್ತಿರುವ ಗುರಿಯೇನೆಂದು ಕೇಳಿಕೊಂಡು, ಅದೇ ಗುರಿಯನ್ನು ಮನೆಮಾತಿನಲ್ಲಿ ಸಾಧಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಾಯಂದಿರನ್ನೇ ತರಬೇತುಗೊಳಿಸುವ ಶಾಲಾಪೂರ್ವ ಕೇಂದ್ರವಿದೆ, ಅಲ್ಲಿ ಕನ್ನಡದಲ್ಲಿ ಕೆಲಸ ನಡೆಯುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಅಲ್ಲಿನವರನ್ನು ಒಮ್ಮೆ ಕಂಡು ಮನೆಪಾಠದ ಕ್ರಮವನ್ನು ಬರೆಸಿಕೊಂಡು ಬರಬಹುದು.

ಮಾತನಾಡಿಸುವುದಕ್ಕೆ ಬೇರೆ ಪಾಠೋಪಕರಣಗಳು ಬೇಡ. ಕಾಯಿ ತುರಿಯುವಾಗ, ದೋಸೆ ಹೊಯ್ಯುವಾಗ, ಬಟ್ಟೆ ಒಣಹಾಕುವಾಗ ಆಗುತ್ತಿರುವುದನ್ನು ಹೇಳುತ್ತ ಹೋಗಬೇಕು. ತೋಳಿನಳತೆಯ ದೂರದಲ್ಲಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ, ಸಹಜ ಜೋರಿನಲ್ಲಿ ಮಾತನಾಡಬೇಕು. ಕೂಗಿದರೆ ಸಾಧನದೊಳಗೆ ಮಾತು ಒಡೆಯುತ್ತದೆ. ಬಿಡಿಪದಗಳ ಬದಲು ಪುಟ್ಟ ಪೂರ್ಣ ವಾಕ್ಯಗಳನ್ನು ಬಳಸಬೇಕು. ಕನ್ನಡದಲ್ಲಿ ಅರ್ಥದ ಬಹುಭಾಗವಿರುವುದು ಪದದ ಬಾಲದಲ್ಲಿ: ಅಂಗಡಿಗೆ, ಅಂಗಡಿಯಲ್ಲಿ, ಅಂಗಡಿಯಿಂದ ಎನ್ನುವಾಗ ಬದಲಾಗುವುದು ಕೊನೆಯ ತುಣುಕು, ನಮ್ಮ ದನಿ ಇಳಿಯುವುದೂ ಅಲ್ಲಿಯೇ. ಬಂದ, ಬಂದಳು, ಬಂತು ಎಂಬಲ್ಲಿಯೂ ಹೀಗೆಯೇ. ಈ ಕೊನೆಗಳನ್ನು ನುಂಗದೆ ಆಡುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಬೇಕು. ತುಟಿ ನೋಡಿ ತಿಳಿಯುತ್ತಾನೆ ಎಂದು ಪೂರ್ತಿ ನಂಬುವಂತಿಲ್ಲ. ಮರ ಎಂದರೂ ಬರ ಎಂದರೂ ತುಟಿ ಒಂದೇ ಬಗೆಯಾಗಿ ಕಾಣುತ್ತದೆ. ಮಾತಿನ ನಡುವೆ ತುಸು ಕಾದು, ಮಗುವಿಗೆ ತನ್ನ ಸರದಿ ಬಿಟ್ಟುಕೊಡುವುದನ್ನು ಮರೆಯಬಾರದು. ನಮ್ಮ ಮನೆಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಒಂದು ಕೋಣೆಯ ಮನೆಯಲ್ಲಿ ಟಿವಿ, ಮಿಕ್ಸರ್, ಕುಕ್ಕರ್, ಹಳಿಯ ಮೇಲಿನ ಗಾಡಿ ಎಲ್ಲವೂ ಒಟ್ಟಿಗೆ ಸದ್ದು ಮಾಡುತ್ತಿರುತ್ತವೆ. ಸಾಧನ ಇವನ್ನೂ ದೊಡ್ಡದು ಮಾಡುತ್ತದೆ. ದಿನದಲ್ಲಿ ಒಂದೆರಡು ಹೊತ್ತು ಟಿವಿ ಪೂರ್ತಿ ಆರಿಸಿರಬೇಕು, ದಪ್ಪ ಪರದೆ ಮತ್ತು ಚಾಪೆ ಹಾಕಿದರೆ ಗೋಡೆಯ ಮರುದನಿ ಇಳಿಯುತ್ತದೆ. ಪಕ್ಕದ ಖೋಲಿಯವರು ಆ ಹೊತ್ತಿನಲ್ಲಿ ತಮ್ಮ ಟಿವಿಯನ್ನೂ ತಗ್ಗಿಸಿದರೆ ಅದೇ ದೊಡ್ಡ ಸೇವೆ.

ತಂದೆ ಹೋಟೆಲಿನಲ್ಲಿ ದುಡಿಯುವವರಾದರೆ ಅವರು ಮನೆಗೆ ಬರುವಾಗ ಮಗು ಮಲಗಿರುತ್ತದೆ. ಬೆಳಗಿನ ಸ್ನಾನ, ತಿಂಡಿ ಅವರ ಪಾಲಿಗೆ ಬರಲಿ. ಮಧ್ಯಾಹ್ನದ ಬಿಡುವಿನಲ್ಲಿ ವಿಡಿಯೋ ಕರೆ ಮಾಡಲಿ. ಥೆರಪಿಯ ದಿನ ಅವರಿಗೆ ಪಾಳಿ ಬದಲಿಸಿಕೊಡುವುದು ಮಾಲೀಕರ ಕೈಯಲ್ಲಿದೆ. ಇನ್ನು ಅಣ್ಣ ಅಕ್ಕಂದಿರು. ಎಲ್ಲ ಗಮನವೂ ಚಿಕ್ಕದರ ಕಿವಿಯತ್ತ ಹರಿದಾಗ ಅವರು ಸುಮ್ಮನೆ ಹಿಂದೆ ಸರಿದಿರುತ್ತಾರೆ. ವಾರಕ್ಕೊಮ್ಮೆ ಅವರನ್ನು ಮಾತ್ರ ಎಲ್ಲಿಗಾದರೂ ಕರೆದೊಯ್ಯುವ ಒಬ್ಬ ಮಾವ ಬೇಕು.

ಸಂಜ್ಞಾಭಾಷೆಯ ವಿಷಯ

ಕೈಸನ್ನೆ ಕಲಿಸಿದರೆ ಮಗು ಬಾಯಿ ಬಿಡುವುದೇ ಇಲ್ಲ ಎಂಬ ಭಯ ವ್ಯಾಪಕವಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ಭಾಷೆಯೇ ಇಲ್ಲದೆ ಮೊದಲ ವರ್ಷಗಳು ಕಳೆಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಸಾಧನದಿಂದ ಸಾಕಷ್ಟು ಪ್ರಯೋಜನವಾಗದ, ತಡವಾಗಿ ಪತ್ತೆಯಾದ ಅಥವಾ ಶ್ರವಣನರವೇ ಇಲ್ಲದ ಮಗುವಿಗೆ ಭಾರತೀಯ ಸಂಜ್ಞಾಭಾಷೆ ಪೂರ್ಣ ಪ್ರಮಾಣದ ಭಾಷೆಯಾಗಿ ಒದಗುತ್ತದೆ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳಿಗೆ ವಿಸ್ತರಿಸಿದ ವಿಡಿಯೋ ನಿಘಂಟು ಉಚಿತವಾಗಿ ನೋಡಲು ಸಿಗುತ್ತದೆ. ಮಗು ಒಂದೇ ಕಲಿತು ಪ್ರಯೋಜನವಿಲ್ಲ, ಮನೆಮಂದಿಯೂ ಕಲಿಯಬೇಕು. ಸಾಧ್ಯವಾದರೆ ಕೇಳಿಸದ ಹಿರಿಯರೊಬ್ಬರನ್ನು, ಉದ್ಯೋಗ ಸಂಸಾರ ನಡೆಸಿಕೊಂಡಿರುವವರನ್ನು, ಮನೆಗೆ ಊಟಕ್ಕೆ ಕರೆಯಬೇಕು. ಮಗು ದೊಡ್ಡದಾದ ಮೇಲೆ ಹೇಗಿರುತ್ತದೆ ಎಂಬ ಚಿಂತೆಗೆ ವೈದ್ಯರ ಮಾತಿಗಿಂತ ಆ ಒಂದು ಭೇಟಿ ಹೆಚ್ಚು ಉತ್ತರ ಕೊಡುತ್ತದೆ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ದೋಷವಿದ್ದವರು ಮಂದಶ್ರವಣದವರು, 70 ಅಥವಾ ಅದಕ್ಕಿಂತ ಹೆಚ್ಚಿದ್ದವರು ಕಿವುಡರು. ಸೌಲಭ್ಯಗಳಿಗೆ ಶೇಕಡಾ 40ರ ಕನಿಷ್ಠ ಅಂಗವೈಕಲ್ಯದ ಮಿತಿ ಮುಖ್ಯ. ಸ್ವಾವಲಂಬನ್ ಪೋರ್ಟಲಿನಲ್ಲಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಿ, ಗೊತ್ತುಮಾಡಿದ ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಇಲ್ಲಿ ದುಡಿಯುತ್ತಿದ್ದರೂ ಆಧಾರದಲ್ಲಿ ಊರಿನ ವಿಳಾಸವನ್ನೇ ಉಳಿಸಿಕೊಂಡಿರುವ ಕುಟುಂಬಗಳು ಇಲ್ಲಿ ಎಡವುತ್ತವೆ. ಮುಂಬಯಿಯ ವಿಳಾಸದ ಪುರಾವೆಯನ್ನು ಮೊದಲೇ ಸರಿಮಾಡಿಕೊಳ್ಳಬೇಕು. ಕಾರ್ಡು ದೇಶದಾದ್ಯಂತ ಮಾನ್ಯ, ಆದರೆ ರಾಜ್ಯದ ಯೋಜನೆಗಳು ವಾಸಸ್ಥಳವನ್ನು ನೋಡುತ್ತವೆ. ಅರ್ಜಿ ತುಂಬುವುದು, ಆದಾಯ ಪ್ರಮಾಣಪತ್ರ ತರುವುದು, ಮರಾಠಿ ನಮೂನೆ ಓದಿ ಹೇಳುವುದು ಇವೆಲ್ಲ ಸಂಘದ ಯುವ ವಿಭಾಗದವರಿಗೆ ಹೇಳಿಮಾಡಿಸಿದ ಕೆಲಸ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ತಂದೆತಾಯಿಗೆ ದೋಷದ ಪ್ರಮಾಣಕ್ಕನುಗುಣವಾಗಿ 75,000 ಅಥವಾ 1,25,000 ರೂಪಾಯಿಗಳ ಕಡಿತವಿದೆ.

ಶಾಲೆ

ಕಿವುಡ ಮಕ್ಕಳ ವಿಶೇಷ ಶಾಲೆಗಳ ಪರಂಪರೆ ಈ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಇದೆ. ಚೆನ್ನಾಗಿ ಕೇಳಿ ಮಾತನಾಡುವ ಮಗು ಸಾಮಾನ್ಯ ಶಾಲೆಗೇ ಹೋಗಬಹುದು, ಸೇರಿಸಿಕೊಳ್ಳುವುದಿಲ್ಲವೆಂದು ಹೇಳುವ ಹಕ್ಕು ಸರಕಾರಿ, ಅನುದಾನಿತ ಶಾಲೆಗಳಿಗಿಲ್ಲ. ಪ್ರವೇಶಕ್ಕೆ ಹೋಗುವಾಗ ತಂದೆತಾಯಿಯ ಜತೆ ಒಬ್ಬ ಪರಿಚಿತ ಶಿಕ್ಷಕರು ಇದ್ದರೆ ಮಾತು ಬೇಗ ಮುಗಿಯುತ್ತದೆ.

ತರಗತಿಯಲ್ಲಿ ದೂರವೇ ಮುಖ್ಯ ಸಮಸ್ಯೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೊನೆಯ ಬೆಂಚಿಗೆ ಟೀಚರ ಮಾತಿಗಿಂತ ರಸ್ತೆಯ ಹಾರ್ನೇ ಹತ್ತಿರ. ಮುಂದಿನ ಸಾಲಿನಲ್ಲಿ, ಕಿಟಕಿ ಮತ್ತು ಫ್ಯಾನಿನಿಂದ ದೂರ, ಚೆನ್ನಾಗಿ ಕೇಳುವ ಕಿವಿ ಟೀಚರ ಕಡೆಗಿರುವಂತೆ ಕೂರಿಸಬೇಕು. ಬೋರ್ಡಿನತ್ತ ತಿರುಗಿ ಪಾಠ ಹೇಳಬಾರದೆಂದು ವಿನಯದಿಂದ ಕೇಳಿಕೊಳ್ಳಬೇಕು. ಟೀಚರ ಕೊರಳಿಗೆ ತೂಗುಹಾಕುವ ರಿಮೋಟ್ ಮೈಕ್ ಅವರ ದನಿಯನ್ನು ನೇರವಾಗಿ ಸಾಧನಕ್ಕೆ ತಲುಪಿಸುತ್ತದೆ, ದಾನಿಗಳಿದ್ದರೆ ಇದಕ್ಕೆ ಕೊಡಲಿ. "ಅರ್ಥವಾಯಿತೇ?" ಎಂದು ಕೇಳಿದರೆ ಈ ಮಕ್ಕಳು ತಲೆಯಾಡಿಸಿಬಿಡುತ್ತಾರೆ, ಏನು ಅರ್ಥವಾಯಿತೆಂದು ಹೇಳಿಸಬೇಕು. ಭಾಷಾ ವಿಷಯಗಳ ವಿನಾಯಿತಿ ಮತ್ತು ಪರೀಕ್ಷೆಯ ಹೆಚ್ಚುವರಿ ಸಮಯಕ್ಕಾಗಿ ಆಯಾ ಮಂಡಳಿಗೆ ಶಾಲೆಯ ಮೂಲಕ ಅರ್ಜಿ ಕೊಡಬೇಕಾದದ್ದು ಪರೀಕ್ಷೆಯ ವರ್ಷಕ್ಕೆ ಬಹಳ ಮುಂಚೆ.

ಸಂಘಗಳು ಮಾಡಬಹುದಾದದ್ದು

ಮಾಟುಂಗಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಉಪನಗರಗಳ ಕನ್ನಡ ಸಂಘಗಳು, ಎಲ್ಲೆಡೆ ಸಭಾಂಗಣವಿದೆ, ಕಾರ್ಯಕರ್ತರಿದ್ದಾರೆ. ತಿಂಗಳಿಗೊಂದು ಭಾನುವಾರ ಇಂಥ ಮಕ್ಕಳ ತಂದೆತಾಯಂದಿರು ಸೇರಲು ಒಂದು ಕೋಣೆ ಕೊಟ್ಟರೆ ಸಾಕು, ಭಾಷಣಕಾರರು ಬೇಡ. ಮೂರು ವರ್ಷ ಮುಂದೆ ನಡೆದಿರುವ ಇನ್ನೊಬ್ಬ ತಾಯಿಯ ಅನುಭವ ಹೊಸಬರಿಗೆ ಸಿಗುತ್ತದೆ. ಬ್ಯಾಟರಿಗಳನ್ನು ಒಟ್ಟಾಗಿ ಕೊಂಡು ಹಂಚುವುದು, ಸಾಧನ ರಿಪೇರಿಗೆ ಹೋದಾಗ ಏನು ಮಾಡಬೇಕೆಂದು ಆಡಿಯಾಲಜಿಸ್ಟರೊಂದಿಗೆ ಮೊದಲೇ ಮಾತನಾಡಿಡುವುದು, ಆಸ್ಪತ್ರೆಗೆ ಜತೆ ಹೋಗುವವರ ಪಾಳಿ ಪಟ್ಟಿ ಮಾಡುವುದು ಇವು ಕಡಿಮೆ ಖರ್ಚಿನ ಕೆಲಸಗಳು. ಒಬ್ಬರ ಸಾಧನವನ್ನು ಇನ್ನೊಬ್ಬರಿಗೆ ಹಾಗೆಯೇ ಹಾಕಬಾರದು. ಆಡಿಯಾಲಜಿಸ್ಟರು ಆ ಮಗುವಿನ ಆಡಿಯೋಗ್ರಾಮಿಗೆ ತಕ್ಕಂತೆ ಮರುಹೊಂದಿಸಬೇಕು. ಯಕ್ಷಗಾನ, ಭಜನೆಗಳಿಗೆ ಈ ಮಕ್ಕಳನ್ನು ಖಂಡಿತ ಕರೆಯಬೇಕು, ಧ್ವನಿವರ್ಧಕದಿಂದ ದೂರ, ವೇಷ ಚೆನ್ನಾಗಿ ಕಾಣುವ ಜಾಗದಲ್ಲಿ ಕೂರಿಸಬೇಕು. ಮಗುವಿನ ಫೋಟೋ ಪತ್ರಿಕೆಯಲ್ಲಿ ಹಾಕುವ ಮುನ್ನ ತಂದೆತಾಯಿಯನ್ನು ಕೇಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಊರಿಗೆ ಹೋಗುವಾಗ, ಊರಿಗೇ ಮರಳುವಾಗ

ಮೇ ತಿಂಗಳ ರಜೆಗೆ ಊರಿಗೆ ಹೊರಡುವ ಮುನ್ನ ಸಾಕಷ್ಟು ಬ್ಯಾಟರಿ, ಸಿಲಿಕಾ ಡಬ್ಬಿ, ಹೆಚ್ಚುವರಿ ಟ್ಯೂಬು, ಇಂಪ್ಲಾಂಟ್ ಇದ್ದರೆ ಹೆಚ್ಚುವರಿ ಕೇಬಲ್ ಮತ್ತು ಇಂಪ್ಲಾಂಟಿನ ಗುರುತಿನ ಚೀಟಿ ಕಟ್ಟಿಕೊಳ್ಳಬೇಕು. ಎಂಆರ್‌ಐ ಮಾಡಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನು. ಊರಿನ ಮನೆಯಲ್ಲಿ ಸಾಧನ ತೆಗೆದಿಡುವ ರಜೆ ಇರಬಾರದು, ಹೊಸ ಪದಗಳು ಹೆಚ್ಚು ಸಿಗುವುದೇ ಅಲ್ಲಿ.

ಕೆಲಸ ಬಿಟ್ಟು ಕುಟುಂಬವೇ ಊರಿಗೆ ಮರಳುವುದಾದರೆ ಸಿದ್ಧತೆ ಕೆಲವು ತಿಂಗಳು ಮೊದಲೇ ಆರಂಭವಾಗಬೇಕು. ಎಲ್ಲ ವರದಿಗಳ ಪ್ರತಿ, ಸಾಧನದ ಈಗಿನ ಸೆಟ್ಟಿಂಗ್ ಅಥವಾ ಇಂಪ್ಲಾಂಟಿನ ಮ್ಯಾಪಿನ ಪ್ರತಿ, ಥೆರಪಿ ಎಲ್ಲಿಯವರೆಗೆ ಬಂದಿದೆಯೆಂಬ ಲಿಖಿತ ಟಿಪ್ಪಣಿ, ಇವನ್ನು ಇಲ್ಲಿನ ಕೇಂದ್ರದಿಂದ ಪಡೆದುಕೊಳ್ಳಬೇಕು. ಮೈಸೂರು, ಮಂಗಳೂರು, ಮಣಿಪಾಲಗಳಲ್ಲಿ ಶ್ರವಣ ವಿಭಾಗಗಳಿವೆ. ತಮ್ಮ ಕಂಪೆನಿಯ ಇಂಪ್ಲಾಂಟಿಗೆ ಅಲ್ಲಿ ಮ್ಯಾಪಿಂಗ್ ಮಾಡುತ್ತಾರೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಬೇಕು. ಯುಡಿಐಡಿ ವಿಳಾಸವನ್ನು ಬದಲಿಸಬೇಕು. ಹೊಸ ಕೇಂದ್ರದಲ್ಲಿ ಮೊದಲ ಭೇಟಿಯ ದಿನಾಂಕ ನಿಗದಿಯಾದ ಮೇಲೆಯೇ ರೈಲಿನ ಟಿಕೆಟ್ ತೆಗೆಸುವುದು ಒಳ್ಳೆಯದು.